ಮೊದಲು ಊಟ, ಆಮೇಲೆ ಪಾಠ: ನಮ್ಮ ವಿದ್ಯಾರ್ಥಿ ನಿಲಯಗಳ ಅಡುಗೆಮನೆಯ ಚರಿತ್ರೆ

ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದ್ದು 1881ರಲ್ಲಿ. ಮುದ್ದೇನಹಳ್ಳಿಯಿಂದ ಬಂದ ಆ ಹುಡುಗನಿಗೆ ತಂದೆಯಿಲ್ಲ, ಕೈಯಲ್ಲಿ ಕಾಸಿಲ್ಲ. ಬೆಂಗಳೂರಿನಲ್ಲಿದ್ದ ಸೋದರಮಾವ ಆಸರೆಯಾದರು. ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ಬಂದ ದುಡ್ಡಿನಲ್ಲಿ ಉಳಿದ ಖರ್ಚು ಸಾಗಿತು. ಇವೆರಡೂ ಇಲ್ಲದಿದ್ದರೆ ಕನ್ನಂಬಾಡಿಯ ಎಂಜಿನಿಯರನ ಓದು ಬಹುಶಃ ಚಿಕ್ಕಬಳ್ಳಾಪುರದಲ್ಲೇ ನಿಲ್ಲುತ್ತಿತ್ತು.

ಕಾಲೇಜುಗಳ ಚರಿತ್ರೆ ಬರೆಯುವವರು ಕಟ್ಟಡಕ್ಕೆ ಅಡಿಗಲ್ಲು ಹಾಕಿದ ದಿನದಿಂದ ಶುರುಮಾಡುತ್ತಾರೆ. ಪ್ರಿನ್ಸಿಪಾಲರ ಪಟ್ಟಿ, ರ‍್ಯಾಂಕ್ ಪಡೆದವರ ಪಟ್ಟಿ, ದಾನಿಗಳ ಪಟ್ಟಿ ಬರುತ್ತವೆ. ಅಡುಗೆಮನೆಗೆ ಒಂದು ಪ್ಯಾರಾ ಸಿಕ್ಕರೆ ಹೆಚ್ಚು. ಆದರೆ ಕರ್ನಾಟಕದಲ್ಲಿ ಯಾರು ಕಾಲೇಜು ಓದಿದರು, ಯಾರು ಓದಲಿಲ್ಲ ಎಂಬುದನ್ನು ಬಹುಕಾಲ ತೀರ್ಮಾನಿಸಿದ್ದು ಪ್ರವೇಶ ಪರೀಕ್ಷೆಯಲ್ಲ, ಎರಡು ಹೊತ್ತಿನ ಊಟ. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ತರುತ್ತಿರುವ ಈ ಸಂಚಿಕೆಯಲ್ಲಿ ಆ ಊಟದ ಕಥೆಗೂ ನಾಲ್ಕು ಪುಟ ಸಲ್ಲಬೇಕು.

ಏಳು ಮನೆ, ಏಳು ದಿನ

ಹಾಸ್ಟೆಲುಗಳು ಬರುವ ಮೊದಲು ಬಡ ವಿದ್ಯಾರ್ಥಿಗೆ ಇದ್ದ ದಾರಿ ವಾರಾನ್ನ. ಸೋಮವಾರ ವಕೀಲರ ಮನೆ, ಮಂಗಳವಾರ ಮೇಷ್ಟರ ಮನೆ, ಬುಧವಾರ ಅಂಗಡಿ ಶೆಟ್ಟರ ಮನೆ ಎಂದು ಏಳು ಮನೆ ಗೊತ್ತುಮಾಡಿಕೊಳ್ಳಬೇಕು. ಐದೇ ಸಿಕ್ಕರೆ ಉಳಿದೆರಡು ದಿನ ಅವಲಕ್ಕಿಯೋ ಉಪವಾಸವೋ. ಊಟ ಹಾಕುವ ಮನೆಯವರು ಊರಿಗೆ ಹೋದರೆ, ಮನೆಯಲ್ಲಿ ಸೂತಕವಾದರೆ ಆ ವಾರ ಖಾಲಿ. ಉಂಡ ಋಣಕ್ಕೆ ನೀರು ಸೇದುವುದು, ಸಾಮಾನು ತಂದುಕೊಡುವುದು, ಮನೆಯ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು ಇದ್ದೇ ಇತ್ತು. ಅನ್ನ ಹಾಕಿದ ತಾಯಂದಿರಲ್ಲಿ ಮಗನಂತೆ ನೋಡಿಕೊಂಡವರು ಅನೇಕರು. ಹಿತ್ತಲ ಬಾಗಿಲಲ್ಲಿ ಕಾಯಿಸಿದವರೂ ಇದ್ದರು. ಎಸ್.ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ಯಲ್ಲಿ ಈ ಜಗತ್ತು ಒಳಗಿನಿಂದಲೇ ಕಾಣುತ್ತದೆ. ಓದುವ ಹುಡುಗನಿಗೆ ಹಸಿವೆಯ ಜೊತೆಗೆ ಸಂಕೋಚವೂ ಎಷ್ಟು ದೊಡ್ಡ ಹೊರೆ ಎಂಬುದು ಅದನ್ನು ಓದಿದವರಿಗೆ ಗೊತ್ತು.

ವಾರಾನ್ನವನ್ನು ನೆನೆಯುವಾಗ ನಾವು ಮರೆಯುವ ಸಂಗತಿಯೊಂದಿದೆ. ಅದು ಎಲ್ಲರಿಗೂ ಇದ್ದ ಸೌಲಭ್ಯವಲ್ಲ. ಪೇಟೆಯಲ್ಲಿ ತನ್ನ ಜಾತಿಯ ಉಳ್ಳವರ ಮನೆಗಳಿದ್ದ ಹುಡುಗನಿಗೆ ಮಾತ್ರ ವಾರ ಸಿಗುತ್ತಿತ್ತು. ಒಕ್ಕಲಿಗರ, ಕುರುಬರ, ಬೇಡರ ಹುಡುಗ ಮೈಸೂರಿನ ಅಗ್ರಹಾರದಲ್ಲಿ ಯಾರ ಬಾಗಿಲು ತಟ್ಟಬೇಕಿತ್ತು? ದಲಿತ ಹುಡುಗನಿಗಂತೂ ಆ ಬೀದಿಗೇ ಪ್ರವೇಶವಿರಲಿಲ್ಲ. ಶಾಲೆ ಎಲ್ಲರಿಗೂ ತೆರೆದಿದೆ ಎಂದು ಸರ್ಕಾರ ಹೇಳಿದರೂ, ಶಾಲೆಯಿರುವ ಊರಿನಲ್ಲಿ ಉಣ್ಣಲು ಜಾಗವಿಲ್ಲದವನಿಗೆ ಅದು ಮುಚ್ಚಿದಂತೆಯೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿದ್ಯಾರ್ಥಿ ನಿಲಯಗಳು ಒಂದರ ಹಿಂದೊಂದು ಹುಟ್ಟಿದ್ದಕ್ಕೆ ಮುಖ್ಯ ಕಾರಣ ಇದು.

ಛತ್ರ, ಮಠ, ಸಂಘ

ಗುಬ್ಬಿ ತೋಟದಪ್ಪನವರು ಬೆಂಗಳೂರಿನ ಪೇಟೆಯ ವರ್ತಕರು, ಮಕ್ಕಳಿಲ್ಲದವರು. ರೈಲು ನಿಲ್ದಾಣದ ಬಳಿ ಜಾಗ ಕೊಂಡು ಕಟ್ಟಿಸಿದ ಛತ್ರ 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕೈಯಿಂದ ಉದ್ಘಾಟನೆಯಾಯಿತು. ರೈಲಿಳಿದು ಬಂದ ಯಾತ್ರಿಕನಿಗೆ ತಂಗುದಾಣವಾದ ಈ ಧರ್ಮಸಂಸ್ಥೆ, ಓದಲು ಬಂದ ಹಳ್ಳಿ ಹುಡುಗರಿಗೆ ಉಚಿತ ವಿದ್ಯಾರ್ಥಿ ನಿಲಯವೂ ಆಯಿತು. ಸೆಂಟ್ರಲ್ ಕಾಲೇಜಿಗೆ ಸೇರಿದ ಮಾಗಡಿ ಸೀಮೆಯ ವೀರಾಪುರದ ಶಿವಣ್ಣ ಎಂಬ ಯುವಕ ಇಲ್ಲಿದ್ದುಕೊಂಡೇ ಓದಿದ. 1930ರಲ್ಲಿ ಸಂನ್ಯಾಸ ಸ್ವೀಕರಿಸಿ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳಾದವರು ಈತನೇ. ಹಾಸ್ಟೆಲಿನ ಅನ್ನ ಉಂಡು ಓದಿದವರು ಮುಂದೆ ನಾಡಿನ ಅತಿ ದೊಡ್ಡ ಹಾಸ್ಟೆಲುಗಳಲ್ಲೊಂದನ್ನು ಕಟ್ಟಿದರು.

ಮೈಸೂರಿನಲ್ಲಿ ‘ತಾತಯ್ಯ’ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಅನಾಥಾಲಯ ಸ್ಥಾಪಿಸಿದರು. ವಾರಾನ್ನದಿಂದ ಬಸವಳಿದ ಎಷ್ಟೋ ಹುಡುಗರಿಗೆ ಅಲ್ಲಿ ನಿಂತ ನೆಲೆ ಸಿಕ್ಕಿತು. ಉತ್ತರದಲ್ಲಿ, 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದಾಗ, ವಿಜಾಪುರ, ಬೆಳಗಾವಿ ಕಡೆಯ ರೈತರ ಮಕ್ಕಳಿಗೆ ಕಾಲೇಜಿಗಿಂತ ಮೊದಲು ಬೇಕಾಗಿದ್ದುದು ರೊಟ್ಟಿ. ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಜೋಳಿಗೆ ಹಿಡಿದು ಭಿಕ್ಷೆಗೆ ಹೊರಟರು. ಮನೆಮನೆಯಿಂದ ಬಂದ ರೊಟ್ಟಿ, ಹಳ್ಳಿಗಳಿಂದ ಬಂದ ಜೋಳ, ಬೇಳೆ ಮಠದ ಪ್ರಸಾದ ನಿಲಯದ ಉಗ್ರಾಣ ಸೇರಿದವು. ಕಟಕ ರೊಟ್ಟಿ, ಪುಂಡಿಪಲ್ಲೆ, ಬೇಳೆ ಸಾರು ಉಂಡು ಕಾಲೇಜಿಗೆ ನಡೆದು ಹೋದವರಲ್ಲಿ ಮುಂದೆ ವಕೀಲರು, ಅಧ್ಯಾಪಕರು, ಲೇಖಕರಾದವರು ಬಹಳ ಮಂದಿ.

ಇದೇ ಕಾಲದಲ್ಲಿ ಜನಾಂಗಗಳ ಸಂಘಗಳೂ ಈ ಕೆಲಸಕ್ಕೆ ಇಳಿದವು. 1906ರಲ್ಲಿ ಸ್ಥಾಪನೆಯಾದ ಒಕ್ಕಲಿಗರ ಸಂಘ ವಿದ್ಯಾರ್ಥಿ ನಿಲಯವನ್ನು ತನ್ನ ಮುಖ್ಯ ಕೆಲಸವೆಂದು ಭಾವಿಸಿತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲೇ ದಲಿತ ಮಕ್ಕಳ ಶಿಕ್ಷಣಕ್ಕಾಗಿ ಮಿಷನ್ ಸ್ಥಾಪಿಸಿ, ಅದಕ್ಕಾಗಿ ಸ್ವಜಾತಿಯವರ ಬಹಿಷ್ಕಾರ ಉಂಡರು. ಬೆಂಗಳೂರಿನಲ್ಲಿ ಆ ಹೊಣೆ ಹೊತ್ತವರು ಗೋಪಾಲಸ್ವಾಮಿ ಅಯ್ಯರ್. ಅವರ ಹೆಸರಿನ ಹಾಸ್ಟೆಲಿನಲ್ಲಿದ್ದ ದಿನಗಳನ್ನು ಕವಿ ಸಿದ್ಧಲಿಂಗಯ್ಯನವರು ‘ಊರು ಕೇರಿ’ಯಲ್ಲಿ ನಗುತ್ತ ನಗಿಸುತ್ತ ಬರೆದಿದ್ದಾರೆ. ಆ ನಗೆಯ ಅಡಿಯಲ್ಲಿ ಹಸಿವು ಇದ್ದೇ ಇದೆ.

ಉಜಿರೆಯಲ್ಲಿ 1940ರಲ್ಲಿ ಮಂಜಯ್ಯ ಹೆಗ್ಗಡೆಯವರು ಆರಂಭಿಸಿದ ಸಿದ್ಧವನ ಗುರುಕುಲದ್ದು ಬೇರೆ ಬಗೆ. ಅಲ್ಲಿ ಊಟ ಉಚಿತ, ಆದರೆ ಹುಡುಗರು ತೋಟದಲ್ಲಿ, ಗದ್ದೆಯಲ್ಲಿ ದುಡಿಯಬೇಕು. ದಾನದ ಅನ್ನವನ್ನು ದುಡಿಮೆಯ ಅನ್ನವಾಗಿಸಿದ ಈ ಕ್ರಮದಿಂದ, ಉಣ್ಣುವವನು ತಲೆ ತಗ್ಗಿಸಬೇಕಾದ ಕಾರಣ ಹೋಯಿತು.

ಸಿದ್ಧಗಂಗೆಯ ಒಲೆ

ತುಮಕೂರಿನ ಪಕ್ಕದ ಸಿದ್ಧಗಂಗಾ ಮಠದಲ್ಲಿ ಉದ್ದಾನ ಸ್ವಾಮಿಗಳು 1917ರಲ್ಲಿ ಸಂಸ್ಕೃತ ಪಾಠಶಾಲೆ ತೆರೆದರು. ಶಿವಕುಮಾರ ಸ್ವಾಮಿಗಳು 1941ರಲ್ಲಿ ಮಠದ ಪೂರ್ಣ ಹೊಣೆ ಹೊತ್ತಾಗ ಆದಾಯ ಕಡಿಮೆ, ಮಕ್ಕಳು ಹೆಚ್ಚು. ಯುದ್ಧಕಾಲದ ಅಭಾವ ಬೇರೆ. ಸ್ವಾಮಿಗಳು ಗಾಡಿ ಕಟ್ಟಿಸಿಕೊಂಡು, ಕೆಲವೊಮ್ಮೆ ಕಾಲ್ನಡಿಗೆಯಲ್ಲಿ, ಹಳ್ಳಿ ಹಳ್ಳಿ ತಿರುಗಿ ರಾಗಿ, ಅವರೆ, ಹುಣಸೆಹಣ್ಣು ಕೂಡಿಸಿದರು. ಸುಗ್ಗಿಯಲ್ಲಿ ಕಣದಿಂದಲೇ ಮಠದ ಪಾಲು ಎತ್ತಿಡುವ ರೂಢಿ ತುಮಕೂರು ಸೀಮೆಯ ರೈತರಲ್ಲಿ ಬೆಳೆದದ್ದು ಹೀಗೆ.

ಮುಂದೆ ಸುಮಾರು ಹತ್ತು ಸಾವಿರ ಮಕ್ಕಳು ಇಲ್ಲಿದ್ದು ಓದುವಂತಾಯಿತು. ತಲೆಗೊಂದೇ ಮುದ್ದೆ ಎಂದರೂ ಒಂದು ಹೊತ್ತಿಗೆ ಹತ್ತು ಸಾವಿರ ಮುದ್ದೆ. ಕೊಪ್ಪರಿಗೆಯಲ್ಲಿ ಕುದಿಯುವ ಎಸರಿಗೆ ಹಿಟ್ಟು ಸುರಿದು, ಎದೆಯೆತ್ತರದ ಕೋಲುಗಳಿಂದ ತೊಳಸಿ, ಗಂಟಾಗದಂತೆ ಬೇಯಿಸಿ, ಬಿಸಿಯಿರುವಾಗಲೇ ಉಂಡೆ ಕಟ್ಟಬೇಕು. ಹೊತ್ತಿಗೆ ಸರಿಯಾಗಿ ಇದನ್ನು ಮುಗಿಸುವುದು ಮನೆಯಡುಗೆಯನ್ನು ಹಿಗ್ಗಿಸಿದಷ್ಟು ಸುಲಭದ ಮಾತಲ್ಲ. ಬೆಳಗಿನ ಜಾವಕ್ಕೆ ಒಲೆ ಹೊತ್ತಬೇಕು, ತರಕಾರಿ ಹಿಂದಿನ ದಿನವೇ ಬಂದಿರಬೇಕು, ಸೌದೆ ಮಳೆಗಾಲಕ್ಕೆ ಮುಂಚೆಯೇ ಒಟ್ಟಿರಬೇಕು. ಅಲ್ಲಿನ ಒಲೆ ಆರುವುದೇ ಇಲ್ಲ ಎಂದು ಭಕ್ತರು ಹೇಳುವುದರ ಹಿಂದೆ ಈ ಲೆಕ್ಕಾಚಾರವಿದೆ. ಉಗ್ರಾಣ, ನೀರು, ಸೌದೆ, ಆಳು ಇವುಗಳಲ್ಲಿ ಒಂದು ತಪ್ಪಿದರೂ ಮಕ್ಕಳು ಕಾಯಬೇಕಾಗುತ್ತದೆ.

ಈ ದಾಸೋಹಕ್ಕಿದ್ದ ನಿಯಮಗಳು ಕಡಿಮೆ, ಆದರೆ ಗಟ್ಟಿ. ಜಾತಿ, ಮತ ಕೇಳಿ ಎಲೆ ಹಾಕುವಂತಿಲ್ಲ. ಎಲ್ಲರೂ ಒಂದೇ ಸಾಲಿನಲ್ಲಿ ಕೂರಬೇಕು. ಬಡಿಸಿಕೊಂಡದ್ದನ್ನು ಚೆಲ್ಲುವಂತಿಲ್ಲ. ಬೆಳಿಗ್ಗೆ, ಸಂಜೆ ಪ್ರಾರ್ಥನೆ ತಪ್ಪಿಸುವಂತಿಲ್ಲ. 2019ರ ಜನವರಿ 21ರಂದು ಸ್ವಾಮಿಗಳು ಲಿಂಗೈಕ್ಯರಾದದ್ದು ಮಧ್ಯಾಹ್ನಕ್ಕೆ ಮುಂಚೆ. ಮಕ್ಕಳ ಊಟ ಮುಗಿದ ಮೇಲೆಯೇ ಸುದ್ದಿ ತಿಳಿಸಬೇಕೆಂಬುದು ಅವರ ಇಚ್ಛೆಯಾಗಿತ್ತು. ಹಾಗೆಯೇ ಮಾಡಿದರು. ಅವರ ನೆನಪಿನಲ್ಲಿ ಜನವರಿ 21ನ್ನು ರಾಜ್ಯ ಸರ್ಕಾರ ದಾಸೋಹ ದಿನವೆಂದು ಘೋಷಿಸಿದೆ.

ಪಂಕ್ತಿಯ ಪ್ರಶ್ನೆ

ಹಾಸ್ಟೆಲು ಹಸಿವನ್ನು ಗೆದ್ದಿತು, ಪಂಕ್ತಿಯನ್ನು ಗೆಲ್ಲಲು ಹೆಚ್ಚು ಕಾಲ ಹಿಡಿಯಿತು. ಹಳೆಯ ಕಾಲೇಜು ಹಾಸ್ಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಅಡುಗೆ, ಇತರರಿಗೆ ಬೇರೆ ಅಡುಗೆ ಇರುವುದು ಸಾಮಾನ್ಯವಾಗಿತ್ತು. ಬೆಳಿಗ್ಗೆ ಒಂದೇ ಬೆಂಚಿನಲ್ಲಿ ಶೇಕ್ಸ್‌ಪಿಯರ್ ಓದಿದವರು ಮಧ್ಯಾಹ್ನ ಬೇರೆ ಬೇರೆ ಕೋಣೆಗಳಲ್ಲಿ ಕೂತು ಉಂಡರು. ಜಾತಿ ಸಂಘಗಳ ಹಾಸ್ಟೆಲುಗಳು ಹಿಂದುಳಿದವರಿಗೆ ಬಾಗಿಲು ತೆರೆದವು ನಿಜ. ಅದರ ಜೊತೆಗೆ ಊಟವನ್ನು ಜಾತಿಯೊಳಗೇ ಕಟ್ಟಿಹಾಕಿದವು ಎಂಬುದೂ ನಿಜ. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಚರಿತ್ರೆ ಅರ್ಧವಾಗುತ್ತದೆ.

ಈ ಬೇಲಿ ಸಡಿಲವಾದದ್ದು ಸರ್ಕಾರವೇ ಹಾಸ್ಟೆಲು ನಡೆಸಲು ಮುಂದಾದಾಗ. ದೇವರಾಜ ಅರಸರ ಕಾಲದಲ್ಲಿ, 1975ರಲ್ಲಿ ಎಲ್.ಜಿ. ಹಾವನೂರರ ಹಿಂದುಳಿದ ವರ್ಗಗಳ ಆಯೋಗ ವರದಿ ಕೊಟ್ಟಿತು. 1977ರಲ್ಲಿ ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ಇಲಾಖೆ ಬಂತು. ತಾಲ್ಲೂಕು ಕೇಂದ್ರಗಳಲ್ಲಿ ಆ ಇಲಾಖೆಯ ಬಿ.ಸಿ.ಎಂ. ಹಾಸ್ಟೆಲುಗಳು ತೆರೆದವು. ಮಠದ ದಯೆ, ಸಂಘದ ಶಿಫಾರಸು ಇಲ್ಲದೆ, ಅರ್ಜಿ ಹಾಕಿ ಹಕ್ಕಿನಿಂದ ಪಡೆಯುವ ಊಟ ಹಳ್ಳಿಯ ಹುಡುಗ ಹುಡುಗಿಯರಿಗೆ ಸಿಕ್ಕಿತು. ಇಂದು ಆ ಅಡುಗೆಯ ಬಗ್ಗೆ ದೂರುಗಳು ಸಾಕಷ್ಟಿವೆ, ನೀರುಸಾರು, ಕಲ್ಲು ಸಿಗುವ ಅಕ್ಕಿ, ಎಣಿಕೆ ತಪ್ಪುವ ಮೊಟ್ಟೆ. ಆದರೆ ದೂರು ಕೊಡಬಹುದಾದ ಊಟ ಎಂಬುದೇ ಅದರ ಹಿರಿಮೆ. ವಾರಾನ್ನದ ಹುಡುಗ ಯಾರ ಹತ್ತಿರವೂ ದೂರುವಂತಿರಲಿಲ್ಲ.

ಹುಡುಗಿಯರ ಹಾಸ್ಟೆಲುಗಳಲ್ಲಿ ಊಟದ ನಿಯಮಕ್ಕೆ ಇನ್ನೊಂದು ಕೆಲಸವೂ ಇತ್ತು. ರಾತ್ರಿ ಊಟದ ಗಂಟೆ ಹೊಡೆಯುವುದಕ್ಕೂ ಗೇಟಿಗೆ ಬೀಗ ಬೀಳುವುದಕ್ಕೂ ನಂಟಿತ್ತು. ಲೈಬ್ರರಿಯಲ್ಲಿ ಎಂಟು ಗಂಟೆಯವರೆಗೆ ಓದಬೇಕೆಂದರೆ ಊಟ ಬಿಡಬೇಕು. ಹುಡುಗರಿಗಿಲ್ಲದ ಈ ಲೆಕ್ಕ ಹಲವು ಕಡೆ ಈಗಲೂ ಪೂರ್ತಿ ಹೋಗಿಲ್ಲ.

ಪಂಕ್ತಿಯ ಪ್ರಶ್ನೆ ಮುಗಿಯಿತು ಎಂದುಕೊಂಡವರಿಗೆ 2023ರಲ್ಲಿ ಬಾಂಬೆ ಐಐಟಿ ಉತ್ತರ ಕೊಟ್ಟಿತು. ಹಾಸ್ಟೆಲ್ ಮೆಸ್ಸಿನಲ್ಲಿ ಕೆಲವು ಮೇಜುಗಳನ್ನು ಸಸ್ಯಾಹಾರಿಗಳಿಗಷ್ಟೇ ಮೀಸಲಿಟ್ಟದ್ದನ್ನು ಪ್ರತಿಭಟಿಸಿದ ವಿದ್ಯಾರ್ಥಿಗೆ 10,000 ರೂಪಾಯಿ ದಂಡ ಹಾಕಿದರು. ಏನು ತಿನ್ನಬೇಕೆಂಬುದು ಅವರವರ ಇಷ್ಟ. ಯಾರ ಪಕ್ಕ ಕೂರಬಾರದು ಎಂಬುದನ್ನು ಮೆಸ್ಸಿನ ನಿಯಮವಾಗಿಸುವುದು ಬೇರೆಯೇ ಮಾತು.

ಮೆಸ್ಸಿನ ಲೆಕ್ಕ

ಸ್ವಾತಂತ್ರ್ಯದ ನಂತರ ಎಂಜಿನಿಯರಿಂಗ್, ಮೆಡಿಕಲ್, ಕೃಷಿ ಕಾಲೇಜುಗಳು ಬೆಳೆದಂತೆ ಊಟಕ್ಕೆ ಹಣ ಕೊಡುವ ವಿದ್ಯಾರ್ಥಿಗಳ ಮೆಸ್ಸುಗಳು ಬಂದವು. 1960ರಲ್ಲಿ ಸುರತ್ಕಲ್‌ನಲ್ಲಿ ಆರಂಭವಾದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ದೇಶದ ನಾನಾ ರಾಜ್ಯಗಳ ಹುಡುಗರು ಒಂದೇ ಮೆಸ್ಸಿಗೆ ಬಂದರು. ಕುಚ್ಚಲಕ್ಕಿಯವರು, ಮುದ್ದೆಯವರು, ರೊಟ್ಟಿಯವರು, ಚಪಾತಿಯವರು ಎಲ್ಲರಿಗೂ ಒಪ್ಪುವ ಅಡುಗೆ ಎಲ್ಲೂ ಇರಲಿಲ್ಲ. ಇವತ್ತು ನಾವು ಹಾಸ್ಟೆಲ್ ಸಾಂಬಾರು ಎನ್ನುವ ರುಚಿ ಈ ಹೊಂದಾಣಿಕೆಯ ಕೂಸು.

ಅರವತ್ತರ ದಶಕದ ನಡುವಿನ ಬರಗಾಲದ ವರ್ಷಗಳು ಮೆಸ್ಸುಗಳನ್ನು ಕಾಡಿದವು. ಅಕ್ಕಿ ಪಡಿತರದಲ್ಲಿ ಮಾತ್ರ. ಅಮೆರಿಕದಿಂದ ಪಿ.ಎಲ್. 480 ಒಪ್ಪಂದದಡಿ ಗೋಧಿ ಬರುತ್ತಿತ್ತು. 1965ರಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಸೋಮವಾರ ರಾತ್ರಿ ಊಟ ಬಿಡಿ ಎಂದು ಕರೆಕೊಟ್ಟಾಗ ಹೋಟೆಲುಗಳು ಆ ಸಂಜೆ ಬಾಗಿಲು ಹಾಕಿದವು. ದಕ್ಷಿಣ ಕರ್ನಾಟಕದ ಬಹಳಷ್ಟು ಹುಡುಗರಿಗೆ ಚಪಾತಿ ದಿನನಿತ್ಯದ ಊಟವಾದದ್ದು ಮನೆಯಲ್ಲಲ್ಲ, ಹಾಸ್ಟೆಲಿನಲ್ಲಿ.

ಆ ಕಾಲದ ಮೆಸ್ಸುಗಳ ಜೀವಾಳ ಡಿವೈಡಿಂಗ್ ಪದ್ಧತಿ. ತಿಂಗಳ ದಿನಸಿ, ಹಾಲು, ತರಕಾರಿ, ಸೌದೆ ಅಥವಾ ಗ್ಯಾಸು, ಭಟ್ಟರ ಸಂಬಳ ಎಲ್ಲವನ್ನೂ ಕೂಡಿ, ವಿದ್ಯಾರ್ಥಿಗಳು ಉಂಡ ಒಟ್ಟು ದಿನಗಳಿಂದ ಭಾಗಿಸುವುದು. ಉದಾಹರಣೆಗೆ ನೂರು ಜನ ಮೂವತ್ತು ದಿನ ಉಂಡರೆ ಮೂರು ಸಾವಿರ ದಿನ. ಖರ್ಚು ಮೂರು ಲಕ್ಷವಾಗಿದ್ದರೆ ದಿನಕ್ಕೆ ನೂರು ರೂಪಾಯಿ. ಊರಿಗೆ ಹೋಗುವವನು ಮೊದಲೇ ರಿಜಿಸ್ಟರಿನಲ್ಲಿ ಬರೆದು ಹೋದರೆ ಆ ದಿನಗಳಿಗೆ ರಿಬೇಟು. ಅತಿಥಿ ಬಂದರೆ ಟೋಕನ್. ಮೊಟ್ಟೆ, ಹೆಚ್ಚಿನ ಮೊಸರು ಬೇಕೆಂದವರಿಗೆ ‘ಎಕ್ಸ್‌ಟ್ರಾ’ ಎಂದು ಹೆಸರಿನ ಮುಂದೆ ಬರೆ. ವಿದ್ಯಾರ್ಥಿಗಳೇ ಆರಿಸಿದ ಮೆಸ್ ಸೆಕ್ರೆಟರಿ ಮಂಡಿಗೆ ಹೋಗಿ ಬೇಳೆ ಕೊಳ್ಳಬೇಕು, ಉಗ್ರಾಣದ ಬೀಗ ತೆಗೆದು ಅಳೆದು ಕೊಡಬೇಕು, ತಿಂಗಳ ಕೊನೆಗೆ ನೋಟೀಸ್ ಬೋರ್ಡಿನಲ್ಲಿ ಲೆಕ್ಕ ಅಂಟಿಸಬೇಕು. ಬಿಲ್ಲು ಏರಿದ ತಿಂಗಳು ಅವನ ಪಾಡು ಯಾರಿಗೂ ಬೇಡ. ಫೀಸ್ಟಿನ ದಿನ ಹೋಳಿಗೆ ಸಾಲದೆ ಬಂದರೆ ವಾರ್ಡನ್ ಬಳಿಗೆ ಪಂಚಾಯಿತಿ.

ಜಗಳ ಎಷ್ಟೇ ಇರಲಿ, ಈ ಪದ್ಧತಿ ಕಲಿಸಿದ್ದನ್ನು ಬೇರೆ ಯಾವ ತರಗತಿಯೂ ಕಲಿಸಲಿಲ್ಲ. ಹಂಚಿಕೊಂಡು ಉಣ್ಣುವುದು, ಇನ್ನೊಬ್ಬರ ದುಡ್ಡಿಗೆ ಲೆಕ್ಕ ಕೊಡುವುದು, ಅಡುಗೆಯವರ ಬೆವರನ್ನು ಹತ್ತಿರದಿಂದ ಕಾಣುವುದು. ಈಗ ಬಹುತೇಕ ಕಾಲೇಜುಗಳಲ್ಲಿ ಕಾಂಟ್ರಾಕ್ಟರು ಬಂದಿದ್ದಾರೆ. ವರ್ಷದ ಊಟದ ಹಣ ಫೀಸಿನ ಜೊತೆಗೇ ಮುಂಗಡ. ಉಂಡರೂ ಅಷ್ಟೇ, ಬಿಟ್ಟರೂ ಅಷ್ಟೇ. ಅಡುಗೆಮನೆಗೆ ಆಹಾರ ಸುರಕ್ಷತೆಯ ಪರವಾನಗಿ ಬೇಕು, ಅದು ಒಳ್ಳೆಯದೇ. 2006ರ ಕಾಯ್ದೆ ಆ ಶಿಸ್ತು ತಂದಿದೆ. ಕ್ಯಾಂಟೀನುಗಳಲ್ಲಿ ಜಂಕ್ ಫುಡ್ ಮಾರಬೇಡಿ ಎಂದು ಯುಜಿಸಿ 2016ರಲ್ಲೂ 2018ರಲ್ಲೂ ಕಾಲೇಜುಗಳಿಗೆ ಬರೆಯಿತು. ಕಾಗದ ಬಂದದ್ದು ಕಚೇರಿಗೆ, ಸಮೋಸಾ ಬರುವುದು ಹಿಂದಿನ ಗೇಟಿನಿಂದ. ವಿದ್ಯಾರ್ಥಿಗಳ ಕೈಯಲ್ಲಿ ಉಗ್ರಾಣದ ಬೀಗ ಇಲ್ಲದ ಮೇಲೆ ಅವರಿಗೆ ಉಳಿದಿರುವುದು ದೂರಿನ ಪುಸ್ತಕ ಮಾತ್ರ.

ಉಂಡವರೊಡನೆ ಉಂಡವರು

ಊಟದ ಗುಣಮಟ್ಟಕ್ಕೆ ಪರವಾನಗಿಗಿಂತ ಖಾತ್ರಿಯಾದ ಮದ್ದೊಂದಿದೆ, ಆಡಳಿತ ನಡೆಸುವವರು ಅದೇ ಊಟ ಮಾಡುವುದು. ಡಾ. ಎಚ್. ನರಸಿಂಹಯ್ಯನವರು 1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಓದಿಗಾಗಿ ಬೆಂಗಳೂರಿಗೆ ನಡೆದೇ ಬಂದವರು. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಅಧ್ಯಾಪಕರಾಗಿ, ಪ್ರಿನ್ಸಿಪಾಲರಾಗಿ, ಎಪ್ಪತ್ತರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ, ಎಲ್ಲ ಕಾಲಕ್ಕೂ ಅವರ ಮನೆ ಕಾಲೇಜು ಹಾಸ್ಟೆಲಿನ ಒಂದು ಕೋಣೆ. 2005ರಲ್ಲಿ ತೀರಿಕೊಳ್ಳುವವರೆಗೂ ಆ ವಾಸ ಬದಲಾಗಲಿಲ್ಲ. ಕುಲಪತಿಗಳು ಹಾಸ್ಟೆಲಿನಲ್ಲಿ ಇದ್ದಾರೆ ಎಂದ ಮೇಲೆ ಹುಡುಗರ ಕಷ್ಟಸುಖ ತಿಳಿಯಲು ಸಮಿತಿ ನೇಮಿಸುವ ಅಗತ್ಯ ಬೀಳುವುದಿಲ್ಲ.

ಮಧ್ಯಾಹ್ನದ ಬರಿಹೊಟ್ಟೆ

ಇಷ್ಟು ದೂರ ಬಂದ ಚರಿತ್ರೆಯಲ್ಲಿ ಒಂದು ಕೊರತೆ ಹಾಗೇ ಉಳಿದಿದೆ. ಶಾಲೆಯ ಮಕ್ಕಳಿಗೆ 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಿಂದ ಶುರುವಾದ ಅಕ್ಷರ ದಾಸೋಹ ಈಗ ಹತ್ತನೇ ತರಗತಿಯವರೆಗೆ ಬಿಸಿಯೂಟ ಕೊಡುತ್ತದೆ. ಹಾಸ್ಟೆಲು ಸೇರಿದವರಿಗೆ ಹಾಸ್ಟೆಲಿನ ಊಟವಿದೆ. ಇವೆರಡರ ನಡುವೆ ಬೀಳುವವರು ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುವ ಪಿಯುಸಿ, ಪದವಿ ವಿದ್ಯಾರ್ಥಿಗಳು. ರಾಜ್ಯದಲ್ಲಿ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅಲ್ಲಿ ಓದುವವರಲ್ಲಿ ಹುಡುಗಿಯರ ಸಂಖ್ಯೆ ದೊಡ್ಡದು. ಬೆಳಿಗ್ಗೆ ಏಳರ ಬಸ್ಸು ಹಿಡಿಯುವ ಹುಡುಗಿ ಮನೆಯಲ್ಲಿ ಟೀ ಕುಡಿದು ಹೊರಟರೆ, ಮತ್ತೆ ಅನ್ನ ಕಾಣುವುದು ಸಂಜೆ ಮನೆಗೆ ಬಂದ ಮೇಲೆ. ಹತ್ತನೇ ತರಗತಿಯವರೆಗೆ ಮಧ್ಯಾಹ್ನ ಹಸಿಯುತ್ತಿದ್ದ ಹೊಟ್ಟೆ ಪಿಯುಸಿಗೆ ಬಂದ ಕೂಡಲೇ ಹಸಿಯುವುದನ್ನು ನಿಲ್ಲಿಸುತ್ತದೆಯೇ? 2017ರಲ್ಲಿ ಬಂದ ಇಂದಿರಾ ಕ್ಯಾಂಟೀನು ಹತ್ತಿರವಿದ್ದ ಕಡೆ ಹತ್ತು ರೂಪಾಯಿಯ ಊಟಕ್ಕೆ ವಿದ್ಯಾರ್ಥಿಗಳು ಸಾಲು ನಿಲ್ಲುವುದನ್ನು ನೋಡಿದರೆ ಅಗತ್ಯ ಎಷ್ಟಿದೆ ಎಂಬುದು ಗೊತ್ತಾಗುತ್ತದೆ.

ಇದಕ್ಕೆ ದೊಡ್ಡ ಯೋಜನೆ ಬರಲಿ ಎಂದು ಕಾಯಬೇಕಿಲ್ಲ. ತೋಟದಪ್ಪನವರು, ತಾತಯ್ಯನವರು, ಮೃತ್ಯುಂಜಯ ಅಪ್ಪಗಳು ಕಾಯಲಿಲ್ಲ. ಕಾಲೇಜಿನಲ್ಲಿ ಗಾಳಿ ಬೆಳಕಿರುವ ಒಂದು ಊಟದ ಹಾಲು, ಶುದ್ಧ ನೀರು, ಇಬ್ಬರು ಅಡುಗೆಯವರಿಗೆ ತಿಂಗಳ ಸಂಬಳ, ಅನ್ನ ಸಾರು ಮಜ್ಜಿಗೆಗೆ ಬೇಕಾದ ದಿನಸಿ, ಇಷ್ಟಿದ್ದರೆ ಶುರುಮಾಡಬಹುದು. ಲೆಕ್ಕ ನೋಡಲು ವಿದ್ಯಾರ್ಥಿಗಳ ಸಮಿತಿ ಇರಲಿ, ಪ್ರತಿ ತಿಂಗಳೂ ಖರ್ಚು ಬೋರ್ಡಿಗೆ ಬರಲಿ. ಬಡವರಿಗೆ ಬೇರೆ ಚೀಟಿ, ಬೇರೆ ಸಾಲು ಬೇಡ. ಎಲ್ಲರೂ ಒಂದೇ ದರ ಕೊಡಲಿ, ಕೊಡಲಾಗದವರ ಪಾಲನ್ನು ನಿಧಿಯೊಂದು ಸದ್ದಿಲ್ಲದೆ ತುಂಬಲಿ. ವಾರಕ್ಕೊಮ್ಮೆಯಾದರೂ ಅಧ್ಯಾಪಕರು ಅದೇ ಸಾಲಿನಲ್ಲಿ ಕೂತು ಉಣ್ಣಲಿ.

ಹಾಸ್ಟೆಲಿನ ಅನ್ನ ಉಂಡು ಓದಿ, ಇಂದು ನಾಲ್ಕು ಕಾಸು ಕಂಡಿರುವ ಓದುಗರಲ್ಲಿ ಒಂದು ಮಾತು. ನಾವು ಓದಿದ ಕಾಲೇಜಿಗೆ ಏನಾದರೂ ಕೊಡಬೇಕೆಂದು ಮನಸ್ಸಾದಾಗ ಹೆಬ್ಬಾಗಿಲಿಗೆ ಕಮಾನು, ವೇದಿಕೆಗೆ ಹೆಸರಿನ ಫಲಕ ಎಂದು ಯೋಚಿಸುತ್ತೇವೆ. ಈ ಸಲ ಪ್ರಿನ್ಸಿಪಾಲರ ಹತ್ತಿರ ಹೋಗಿ, ಮಧ್ಯಾಹ್ನ ಊಟವಿಲ್ಲದೆ ಕೂರುವ ಮಕ್ಕಳು ಎಷ್ಟು ಮಂದಿ ಎಂದು ಕೇಳಿ. ಉತ್ತರ ಅವರಿಗೆ ಗೊತ್ತಿರುತ್ತದೆ. ಕೊಡುವುದನ್ನು ಅಲ್ಲಿಂದ ಶುರುಮಾಡಿ.